ಒಮ್ಮೆ ಕೊಟ್ಟ ಕಾರ್ಡಿನಿಂದ ಮತ್ತೊಮ್ಮೆ ಹೋದ ಹಣ

ಈಗ ಪರದೆಯ ಮೇಲೆ ಕಾಣುತ್ತಿರುವುದು ನನ್ನ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್. ಹಳದಿ ಬಣ್ಣದಲ್ಲಿ ಗುರುತು ಮಾಡಿರುವ ಎರಡು ಸಾಲುಗಳಲ್ಲಿ ಮೊದಲನೆಯದು, ಓದುವ ಮೇಜಿಗೆಂದು ಆನ್‌ಲೈನ್ ಮಳಿಗೆಯೊಂದರಿಂದ ನಾನು ದೀಪ ಕೊಂಡ ದಿನದ್ದು. ಎರಡನೆಯದು ಅದಾದ 30ನೆಯ ದಿನದ್ದು. ಈ ನಡುವೆ ಆ ಮಳಿಗೆಯ ಪುಟವನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ. ಆದರೂ ಒಂದು ಬೆಳಿಗ್ಗೆ ಎದ್ದು ಫೋನ್ ಕೈಗೆತ್ತಿಕೊಂಡಾಗ, ಖಾತೆಯಿಂದ ಹಣ ಕಡಿತವಾಗಿದೆ ಎಂಬ ಸಂದೇಶ ಬಂದಿತ್ತು. ಒಟಿಪಿ ಬಂದಿರಲಿಲ್ಲ, ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ.

ಕಾರ್ಡಿನ ವಿವರ ಯಾರದೋ ಕೈಗೆ ಸಿಕ್ಕಿರಬೇಕು ಎಂದೇ ಮೊದಲು ಭಾವಿಸಿದೆ. ಸ್ಟೇಟ್‌ಮೆಂಟಿನಲ್ಲಿ ಇದ್ದದ್ದು ನನಗೆ ಪರಿಚಿತವಾದ ಮಳಿಗೆಯ ಹೆಸರಲ್ಲ, ಅರ್ಧಕ್ಕೆ ತುಂಡಾದ ಯಾವುದೋ ಕಂಪನಿಯ ಹೆಸರು. ದೀಪ ಕೊಂಡ ದಿನದ ಸಾಲಿನಲ್ಲಿಯೂ ಅದೇ ಹೆಸರು ಇರುವುದನ್ನು ಕಂಡ ಮೇಲೆಯೇ ಎರಡಕ್ಕೂ ನಂಟು ಗೊತ್ತಾದದ್ದು.

ಗ್ರಾಹಕ ಎದುರಿಗಿಲ್ಲದೆ ಹಣ ಹೇಗೆ ಹೋಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾರ್ಡಿನ ಹಿಂಬದಿಯ ಸಿವಿವಿ ಸಂಖ್ಯೆಯನ್ನು ಪಾವತಿಗೆ ಅನುಮತಿ ದೊರೆತ ಮೇಲೆ ಯಾವ ವ್ಯಾಪಾರಿಯೂ ಉಳಿಸಿಕೊಳ್ಳುವಂತಿಲ್ಲ; ಕಾರ್ಡ್ ಉದ್ಯಮದ ಪಿಸಿಐ ಡಿಎಸ್‌ಎಸ್ ಎಂಬ ಭದ್ರತಾ ಮಾನದಂಡ ಅದನ್ನು ನಿಷೇಧಿಸಿದೆ. ಆದರೆ ಎರಡನೆಯ ಬಾರಿಗೆ ಅದು ಬೇಕಾಗುವುದೇ ಇಲ್ಲ. ಮೊದಲ ಖರೀದಿಯ ವೇಳೆ ಉಳಿಸಿಕೊಂಡ ಕಾರ್ಡಿನ ವಿವರವನ್ನೋ ಅದರ ಬದಲಿಗೆ ಇಟ್ಟುಕೊಂಡ ಟೋಕನ್ ಎಂಬ ಸಂಕೇತವನ್ನೋ ಬಳಸಿ, ಗ್ರಾಹಕರೊಂದಿಗೆ ಮೊದಲೇ ಆದ ಒಪ್ಪಂದದಂತೆ ಈ ಹಣವನ್ನು ಕೇಳುತ್ತಿದ್ದೇವೆ ಎಂದು ಮಳಿಗೆ ಬ್ಯಾಂಕಿಗೆ ತಿಳಿಸಿದರೆ ಅನೇಕ ದೇಶಗಳಲ್ಲಿ ಅಷ್ಟೇ ಸಾಕು. ಪ್ರತಿ ತಿಂಗಳ ಬಿಲ್ಲು, ಚಂದಾ, ವಿಮೆಯ ಕಂತು ತಾವಾಗಿಯೇ ಪಾವತಿಯಾಗಲೆಂದು ರೂಪಿಸಿದ ಅನುಕೂಲವಿದು, ಆ ಮಟ್ಟಿಗೆ ಉಪಯುಕ್ತವೂ ಹೌದು. ತೊಂದರೆಯೆಂದರೆ, ಆ ಒಪ್ಪಂದ ನಿಜವಾಗಿ ಇದೆಯೇ ಎಂಬುದನ್ನು ಆ ಕ್ಷಣದಲ್ಲಿ ಬ್ಯಾಂಕ್ ಸಾಮಾನ್ಯವಾಗಿ ನೋಡುವುದಿಲ್ಲ. ಮಳಿಗೆಯ ಮಾತನ್ನು ನಂಬಿ ಹಣ ಕೊಡುತ್ತದೆ. ನಾವು ದೂರು ಕೊಟ್ಟ ಮೇಲೆಯೇ ಪ್ರಶ್ನೆ ಹುಟ್ಟುತ್ತದೆ.

ಹಾಗಾದರೆ ನಾನು ಯಾವುದಕ್ಕೆ ಒಪ್ಪಿದ್ದೆ? ಅದನ್ನು ತಿಳಿಯಲು ಅದೇ ದೀಪವನ್ನು ಮತ್ತೆ ಕೊಳ್ಳುವವನಂತೆ ಕೊನೆಯ ಪುಟದವರೆಗೆ ಹೋಗಿ ಎಲ್ಲವನ್ನೂ ಚಿತ್ರೀಕರಿಸಿಕೊಂಡೆ. ಪಾವತಿಯ ಗುಂಡಿಯ ಕೆಳಗೆ, ಬಿಳಿಯ ಮೇಲೆ ತೆಳು ಬೂದು ಬಣ್ಣದ ಆ ಒಂದು ಸಾಲನ್ನು ನೋಡಿ. 30 ದಿನಗಳ ಉಚಿತ ಸದಸ್ಯತ್ವ, ಆಮೇಲೆ ಪ್ರತಿ ತಿಂಗಳು ಶುಲ್ಕ. ಅದರ ಪಕ್ಕದ ಚೌಕದಲ್ಲಿ ಸರಿ ಗುರುತು ಮೊದಲೇ ಬಿದ್ದಿದೆ. ಅದನ್ನು ಹಾಕಿದವನು ನಾನಲ್ಲ.

ಇಂಥ ಚೌಕವನ್ನು ಒಪ್ಪಿಗೆ ಎಂದು ಕರೆಯುವುದನ್ನು ನಾನು ಒಪ್ಪಲಾರೆ, ಮತ್ತು ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಮುಖ್ಯ ಬೆಲೆಗಿಂತ ಹೆಚ್ಚಿನ ಯಾವುದೇ ಪಾವತಿಗೆ ಗ್ರಾಹಕರ ಸ್ಪಷ್ಟ ಒಪ್ಪಿಗೆ ಬೇಕು, ಮೊದಲೇ ಗುರುತು ಹಾಕಿಟ್ಟು ಪಡೆದ ಹಣವನ್ನು ಮರಳಿಸಬೇಕು ಎಂದು ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನ ಹೇಳುತ್ತದೆ. ಅಮೆರಿಕದ 2010ರ ಕಾನೂನೊಂದು, ಆನ್‌ಲೈನಿನಲ್ಲಿ ಹೀಗೆ ತಾನಾಗಿ ಮುಂದುವರಿಯುವ ಶುಲ್ಕದ ಷರತ್ತುಗಳನ್ನು ಕಾರ್ಡಿನ ವಿವರ ಪಡೆಯುವ ಮೊದಲೇ ತಿಳಿಸಬೇಕು, ಅದನ್ನು ನಿಲ್ಲಿಸಲು ಸರಳವಾದ ದಾರಿ ಇರಬೇಕು ಎಂದು ವಿಧಿಸಿದೆ.

ಮಳಿಗೆಯ ಸಹಾಯವಾಣಿಗೆ ಕರೆ ಮಾಡಿದಾಗ ಮಾತನಾಡಿದ ಹೆಣ್ಣುಮಗಳು ಸೌಜನ್ಯದಿಂದಲೇ, "ಸರ್, ನೀವು ಒಪ್ಪಿಗೆ ಕೊಟ್ಟಿದ್ದೀರಿ," ಎಂದರು. ಆಕೆಯ ಮೇಲೆ ನನಗೆ ಬೇಸರವಿಲ್ಲ. ನಾನು ಕೇಳಿದ್ದು ಇಷ್ಟೇ: ಯಾವ ದಿನ, ಯಾವ ಪುಟದಲ್ಲಿ, ಯಾವ ಪದಗಳಿಗೆ ನಾನು ಒಪ್ಪಿದೆ ಎಂಬ ದಾಖಲೆಯನ್ನು ಇಮೇಲ್ ಮೂಲಕ ಕಳುಹಿಸಿ. ಅದರ ಬದಲು ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಕೊಡುವುದಾಗಿ ಹೇಳಿದರು. ನಾನು ಬೇಡವೆಂದು, ಸದಸ್ಯತ್ವವನ್ನು ರದ್ದುಪಡಿಸಿ ಹಣ ಮರಳಿಸುವಂತೆ ಬರವಣಿಗೆಯಲ್ಲಿ ಕೇಳಿದೆ.

ಕಾರ್ಡನ್ನು ಬ್ಲಾಕ್ ಮಾಡಿಸಿ ಹೊಸದು ಪಡೆದರೆ ಮುಗಿಯಿತು ಎಂದು ಗೆಳೆಯರು ಸಲಹೆ ಕೊಟ್ಟರು. ಅದು ಸಾಲದು. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳಲ್ಲಿ ಬದಲಾದ ಕಾರ್ಡ್ ಸಂಖ್ಯೆಯನ್ನು ವ್ಯಾಪಾರಿಗಳಿಗೆ ತಲುಪಿಸುವ ಸೇವೆಗಳಿವೆ. ಬ್ಯಾಂಕ್ ಅದರಲ್ಲಿ ಸೇರಿದ್ದರೆ ಹಳೆಯ ಕಡಿತ ಹೊಸ ಕಾರ್ಡಿನ ಬೆನ್ನು ಹತ್ತಬಹುದು. ಆದ್ದರಿಂದ ಈ ವ್ಯಾಪಾರಿಗೆ ಇನ್ನು ಹಣ ಕೊಡಕೂಡದು ಎಂದು ಬ್ಯಾಂಕಿಗೂ ಪ್ರತ್ಯೇಕವಾಗಿ ಬರೆದುಕೊಟ್ಟೆ. ಒಂದೇ ಖರೀದಿಗೆ ಒಂದೇ ದಿನ ಎರಡು ಸಾಲು ಕಂಡರೆ ಮಾತು ಬೇರೆ: ಅದರಲ್ಲಿ ಒಂದು ಕೇವಲ ತಡೆಹಿಡಿದ ಮೊತ್ತವಾಗಿದ್ದು ಕೆಲವು ದಿನಗಳಲ್ಲಿ ತಾನಾಗಿ ಬಿಡುಗಡೆಯಾಗುವುದುಂಟು.

ಬ್ಯಾಂಕಿನ ದೂರಿನ ಅರ್ಜಿಯಲ್ಲಿ ಕಾರಣವನ್ನು ಆರಿಸುವಾಗ ನಾನು ಬಹಳ ಹೊತ್ತು ತಡೆದೆ. ಅಪರಿಚಿತರ ವಂಚನೆ ಎಂದು ಬರೆದಿದ್ದರೆ, ನಾನೇ ದೀಪ ಕೊಂಡ ರಸೀದಿಯನ್ನು ಮಳಿಗೆ ಮುಂದಿಟ್ಟು ನನ್ನ ಮಾತನ್ನು ಸುಳ್ಳಾಗಿಸಬಹುದಿತ್ತು. ಹಾಗಾಗಿ, ಮೊದಲ ಪಾವತಿ ನನ್ನದೇ, ಎರಡನೆಯದಕ್ಕೆ ನನ್ನ ಒಪ್ಪಿಗೆ ಇಲ್ಲ ಎಂದು ಬರೆದು, ಆ ಪುಟದ ಚಿತ್ರವನ್ನೂ ಇಮೇಲ್‌ಗಳನ್ನೂ ಲಗತ್ತಿಸಿದೆ. ಕಾರ್ಡಿನಿಂದ ಹೋದ ಹಣವನ್ನು ಹೀಗೆ ಬ್ಯಾಂಕಿನ ಮೂಲಕ ವ್ಯಾಪಾರಿಯಿಂದ ಮರಳಿ ಪಡೆಯುವುದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಕಾರ್ಡ್ ಜಾಲಗಳ ನಿಯಮದಲ್ಲಿ ಸಾಮಾನ್ಯವಾಗಿ 120 ದಿನಗಳ ಅವಕಾಶವಿದ್ದರೂ ಬ್ಯಾಂಕುಗಳು ಇನ್ನೂ ಬೇಗ ಕೇಳಬಹುದಾದ ಕಾರಣ, ಸಂದೇಶ ಬಂದ ವಾರದಲ್ಲಿಯೇ ಅರ್ಜಿ ಕೊಟ್ಟೆ.

ಹಣ ಮೊದಲು ತಾತ್ಕಾಲಿಕ ಜಮೆಯಾಗಿ ಬಂತು. ಮಳಿಗೆ ಒಪ್ಪಿಗೆಯ ದಾಖಲೆಯನ್ನು ಕೊನೆಗೂ ಒದಗಿಸಲಿಲ್ಲ. ಕೆಲವು ವಾರಗಳ ನಂತರ ಸ್ಟೇಟ್‌ಮೆಂಟಿನ ಆ ಸಾಲಿನಿಂದ ತಾತ್ಕಾಲಿಕ ಎಂಬ ಪದ ಹೋಯಿತು. ಈಗ ನೀವು ನೋಡುತ್ತಿರುವುದು ಆ ದೀಪದ ಬೆಳಕಿನಲ್ಲಿ ನಾನು ಮಾಡಿಕೊಂಡಿರುವ ಪಟ್ಟಿ: ನನ್ನ ಕಾರ್ಡ್ ಉಳಿದಿದ್ದ 11 ಮಳಿಗೆಗಳು. ಹತ್ತರಲ್ಲಿ ಅಳಿಸಿದ್ದೇನೆ. ಹನ್ನೊಂದನೆಯದರಲ್ಲಿ ಅಳಿಸುವ ಗುಂಡಿಯೇ ಕಾಣುತ್ತಿಲ್ಲ, ಅವರಿಗೆ ಪತ್ರ ಬರೆಯುತ್ತಿದ್ದೇನೆ.