ಬುಡದಲ್ಲಿರುವ ಹುಳು ಯಾವುದು?

ರೈತ ಬಾಂಧವರಿಗೆ, ಅಕ್ಕ ತಂಗಿಯರಿಗೆ ನಮಸ್ಕಾರ.

ಮಂಡ್ಯ ಸೀಮೆಯ ನಾಲೆ ಬಯಲಿನಲ್ಲಿ ಭತ್ತ ತೆಂಡೆ ಒಡೆದು ಹೊಡೆಗೆ ಬರುವ ಕಾಲ ಇದು. ಬಿಸಿಲು, ಮೋಡ, ಸೆಕೆ ಎಲ್ಲಾ ಒಟ್ಟಿಗೇ ಇದೆ. ಕಂದು ಜಿಗಿಹುಳುವಿಗೆ ಇದಕ್ಕಿಂತ ಒಳ್ಳೆ ಹವೆ ಬೇಕಿಲ್ಲ. ಗದ್ದೆ ನಡುವೆ ದುಂಡಗೆ ಪೈರು ಒಣಗಿ, ಬೆಂಕಿ ತಗುಲಿದಂತೆ ಕಂಡರೆ ಅದು ಇದರದೇ ಕೆಲಸ.

ಅಷ್ಟು ಆಗುವ ಮೊದಲೇ ಪೈರಿನ ಬುಡ ನೋಡಿ. ನೀರಿಗಿಂತ ತುಸು ಮೇಲೆ, ನೆರಳಲ್ಲಿ ಗುಂಪಾಗಿ ಕೂತು ರಸ ಹೀರುತ್ತಿರುತ್ತದೆ. ಮೊಟ್ಟೆಯನ್ನು ಎಲೆಯ ಒರೆಯ, ಅಂದರೆ ಕಾಂಡವನ್ನು ಸುತ್ತಿಕೊಂಡಿರುವ ಎಲೆಬುಡದ, ಒಳಗೇ ಚುಚ್ಚಿ ಇಡುತ್ತದೆ. ಹಾಗಾಗಿ ಹೊರಗೆ ಹೊಡೆದ ಔಷಧಿ ಮೊಟ್ಟೆಗೆ ಅಷ್ಟಾಗಿ ತಾಗುವುದಿಲ್ಲ.

ಅದೇ ಬುಡದಲ್ಲಿ ಇನ್ನೊಂದು ಹುಳು ಓಡಾಡುತ್ತದೆ. ಅದು ಮಿರಿಡ್ ತಿಗಣೆ. ಅದೂ ಚಿಕ್ಕದು, 3 ಮಿಲಿಮೀಟರ್ ಆಸುಪಾಸು. ಅದಕ್ಕೂ ಚುಚ್ಚಿ ಹೀರುವ ಬಾಯಿ. ಆದರೆ ಅದು ಹೀರುವುದು ಜಿಗಿಹುಳುವಿನ ಮೊಟ್ಟೆಯನ್ನು, ಮರಿಯನ್ನು! ಔಷಧಿ ಮುಟ್ಟದ ಆ ಮೊಟ್ಟೆಯನ್ನು ಹುಡುಕಿ ಚುಚ್ಚುತ್ತದೆ. ಒಂದೊಂದು ತಿಗಣೆ ದಿನಕ್ಕೆ 7ರಿಂದ 10 ಮೊಟ್ಟೆ ಮುಗಿಸಬಲ್ಲದು. ಕೂಲಿ ಕೇಳದೆ ಇಷ್ಟು ಕೆಲಸ ಮಾಡುವವರು ಇನ್ಯಾರಿದ್ದಾರೆ?

ಗುರುತು ಹಿಡಿಯುವುದು ಕಷ್ಟವಲ್ಲ. ಜಿಗಿಹುಳು ಕಂದು ಬಣ್ಣ, ಮೀಸೆ ಗಿಡ್ಡ. ತಿಗಣೆ ಹಸಿರು, ತಲೆ ಮತ್ತು ಹೆಗಲ ಮೇಲೆ ಕಪ್ಪು, ಮೀಸೆ ಉದ್ದ, ಓಟ ಚುರುಕು.

ಎರಡನ್ನೂ ಒಂದೇ ಅಂದುಕೊಂಡು, ನಾಟಿಯಾದ ತಿಂಗಳೊಳಗೇ "ಸುಮ್ನೆ ಒಂದ್ಸಲ ಹೊಡೆದುಬಿಡೋಣ" ಅನ್ನುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಡೆಲ್ಟಾಮೆತ್ರಿನ್‌ನಂಥ ಔಷಧಿ ಹೊಡೆದರೆ ತಿಗಣೆ, ಜೇಡ ಎಲ್ಲಾ ಸಾಯುತ್ತವೆ. ಒರೆಯೊಳಗಿನ ಮೊಟ್ಟೆ ಒಡೆದು ಜಿಗಿಹುಳು ಮೊದಲಿಗಿಂತ ಜಾಸ್ತಿ ಆಗುತ್ತದೆ. ಅದರ ಮೇಲೆ ಯೂರಿಯಾ ಸುರಿದರಂತೂ ಪೈರು ಮೆತ್ತಗಾಗಿ ಹುಳುವಿಗೆ ಹಬ್ಬವೇ.

ಹಾಗಂತ ತಿಗಣೆ ಇದೆ ಎಂದು ಕೈಕಟ್ಟಿ ಕೂರುವಂತಿಲ್ಲ. ಜಿಗಿಹುಳು ಮಿತಿಮೀರಿದರೆ ಅದೊಂದರಿಂದ ಆಗುವುದಿಲ್ಲ. ಗದ್ದೆಯ ನಾಲ್ಕಾರು ಕಡೆ ಬುಡವನ್ನು ತಟ್ಟಿ, ನೀರಿಗೆ ಬಿದ್ದ ಹುಳು ಎಣಿಸಿ. ಬುಡಕ್ಕೆ 5ರಿಂದ 10ಕ್ಕಿಂತ ಜಾಸ್ತಿ ಜಿಗಿಹುಳು ಇದ್ದು, ತಿಗಣೆ ವಿರಳವಾಗಿದ್ದರೆ ಮೊದಲು ನೀರು ಬಸಿದುಬಿಡಿ. ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಹೇಳಿದ ಔಷಧಿಯನ್ನು ಬುಡಕ್ಕೇ ಬೀಳುವಂತೆ ಹೊಡೆಯಿರಿ.