ಡಿಂಗಲ್‌ಗೆ ಹೋದರೆ ಗಾಡಿಯಿಂದ ಇಳಿಯಿರಿ

ಕೇಳುಗರಿಗೆ ನಮಸ್ಕಾರ.

ಮಗನೋ ಮಗಳೋ ಡಬ್ಲಿನ್‌ನಲ್ಲಿ ಕೆಲಸಕ್ಕಿದ್ದಾರೆ, ಈ ಬೇಸಿಗೆಗೆ ನಮ್ಮನ್ನೂ ಕರೆಸಿಕೊಳ್ಳುತ್ತಾರಂತೆ ಅನ್ನುವವರು ಈಗ ರೇಡಿಯೋ ಹಾಕಿಕೊಂಡು ಕೂತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಪ್ರವಾಸಿಗಳನ್ನು ಐರ್ಲೆಂಡ್‌ಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಅಲ್ಲಿ ಒಂದೇ ಒಂದು ಊರು ನೋಡಬೇಕು, ಯಾವುದು ಹೇಳಿ ಅಂತ ಜನ ಕೇಳುತ್ತಾರೆ. ಡಿಂಗಲ್ ಅನ್ನುತ್ತೇನೆ. ಜೊತೆಗೆ ಇನ್ನೊಂದು ಮಾತು ಸೇರಿಸುತ್ತೇನೆ, ಇವತ್ತೂ ಅದನ್ನೇ ಹೇಳಲು ಬಂದಿದ್ದೇನೆ: ಹೋದರೆ ಗಾಡಿಯಿಂದ ಇಳಿಯಿರಿ.

ಐರ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕೆರಿ ಅಂತ ಒಂದು ಕೌಂಟಿ ಇದೆ, ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿ ನೆಲ ಕೈ ಚಾಚಿದ ಹಾಗೆ ಅಟ್ಲಾಂಟಿಕ್ ಸಮುದ್ರದೊಳಗೆ ಹೋಗಿದೆ. ಆ ಕೈಯ ಮೇಲೆ ಕೂತಿರುವ ಮೀನುಗಾರರ ಊರು ಡಿಂಗಲ್. ಎರಡು ಸಾವಿರ ಜನವೂ ಇಲ್ಲ. ಬಂದರು, ಬಣ್ಣಬಣ್ಣದ ಅಂಗಡಿ ಸಾಲು, ಹಿಂದೆ ಹಸಿರು ಗುಡ್ಡ. ಡಬ್ಲಿನ್‌ನಿಂದ ಟ್ರಲೀವರೆಗೆ ರೈಲು, ಸುಮಾರು ನಾಲ್ಕು ಗಂಟೆ. ಅಲ್ಲಿಂದ ಮುಂದೆ ಬಸ್ಸು.

ಊರಿನಿಂದ ಪಶ್ಚಿಮಕ್ಕೆ ಸ್ಲೇ ಹೆಡ್ ಅನ್ನುವ ಸುತ್ತುದಾರಿ ಇದೆ. ಹತ್ತಿರ ಹತ್ತಿರ 47 ಕಿಲೋಮೀಟರ್. ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕುವ ಹಾಗೆ ಬಲಸುತ್ತು ಬನ್ನಿ. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಗಾಡಿ ಓಡಿಸುವುದರಿಂದ ಸಮುದ್ರ ನಿಮ್ಮ ಪಕ್ಕದಲ್ಲೇ ಇರುತ್ತದೆ. ದೊಡ್ಡ ಬಸ್ಸುಗಳೂ ಹಾಗೇ ಸುತ್ತುತ್ತವೆ. ನೀವು ಎದುರಿನಿಂದ ಹೋದರೆ ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಪ್ರಪಾತ, ಮುಂದೆ ಬಸ್ಸು. ಇದು ಐರಿಷ್ ಭಾಷೆ ಇನ್ನೂ ಮನೆಮಾತಾಗಿ ಉಳಿದಿರುವ ಸೀಮೆ, ಫಲಕಗಳೂ ಐರಿಷ್‌ನಲ್ಲೇ. ರಸ್ತೆಯ ಮೇಲೆ ದೊಡ್ಡದಾಗಿ 'ಗೋ ಮಾಲ್' ಅಂತ ಬರೆದಿರುತ್ತಾರೆ. ಇಂಗ್ಲಿಷ್ ಅಂದುಕೊಳ್ಳಬೇಡಿ. ನಿಧಾನ ಅಂತ ಅರ್ಥ.

ಈ ದಾರಿಯನ್ನು ಎಷ್ಟೋ ಜನ ಒಂದೂವರೆ ಗಂಟೆಯಲ್ಲಿ ಮುಗಿಸಿ 'ಡಿಂಗಲ್ ಆಯ್ತು' ಅನ್ನುತ್ತಾರೆ. ಏನು ಆಯ್ತು? ಕಿಟಕಿಯ ಗಾಜು ನೋಡಿದ್ದಾಯ್ತು, ಅಷ್ಟೇ. ನನಗೆ ಇದು ಬೇಜಾರಿನ ವಿಷಯ, ಅದಕ್ಕೇ ಸ್ವಲ್ಪ ಜೋರಾಗಿ ಹೇಳುತ್ತಿದ್ದೇನೆ.

ಒಂದು ಸಲದ ಮಾತು ಹೇಳುತ್ತೇನೆ. ಹನ್ನೊಂದು ಜನರ ತಂಡ, ವ್ಯಾನ್ ಮಾಡಿಕೊಂಡಿದ್ದೆವು. ಡಿಂಗಲ್ ಬಿಟ್ಟಾಗ ಒಳ್ಳೆ ಬಿಸಿಲು. ವೆಂಟ್ರಿ ದಾಟುವಾಗ ಮೋಡ, ಸ್ಲೇ ಹೆಡ್ ಭೂಶಿರಕ್ಕೆ ಬರುವಷ್ಟರಲ್ಲಿ ಮಂಜು ಮುಚ್ಚಿಕೊಂಡು ಬಿಟ್ಟಿತು. ಎದುರಿಗೆ ಬ್ಲಾಸ್ಕೆಟ್ ದ್ವೀಪಗಳಿರಬೇಕು, ಹಾಲು ಚೆಲ್ಲಿದ ಹಾಗೆ ಬರೀ ಬಿಳಿ. ವ್ಯಾನಿನಲ್ಲಿ ಗೊಣಗಾಟ ಶುರು. ಗ್ಯಾಲರಸ್ ಅನ್ನುವ ಜಾಗಕ್ಕೆ ಬಂದಾಗ ಜಡಿಮಳೆ. ಅಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರ ಇದೆ, ದೋಣಿ ಮಗುಚಿ ಹಾಕಿದ ಹಾಗೆ ಕಾಣುತ್ತದೆ. ಹೆಚ್ಚುಕಡಿಮೆ ಸಾವಿರ ವರ್ಷ ಹಳೆಯದು. ಗಾರೆ ಇಲ್ಲ, ಸುಣ್ಣ ಇಲ್ಲ, ಕಲ್ಲಿನ ಮೇಲೆ ಕಲ್ಲು ಇಟ್ಟು ಎರಡು ಗೋಡೆಗಳನ್ನು ಒಳಗೆ ಬಾಗಿಸುತ್ತಾ ಹೋಗಿ ಮೇಲೆ ಕೂಡಿಸಿದ್ದಾರೆ, ಅಷ್ಟೇ. 'ಇಲ್ಲಿಂದಲೇ ಕಾಣುತ್ತಲ್ಲ, ಫೋಟೋ ತೆಗೆದಾಯ್ತು, ಹೊರಡೋಣ' ಅಂದರು ತುಂಬಾ ಜನ.

ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಮಾತ್ರ ರೇನ್‌ಕೋಟ್ ಹಾಕಿಕೊಂಡು ಇಳಿದರು. ಮಳೆ ಅವರಿಗೆ ಹೊಸದೇ? ನಾನೂ ಹಿಂದೆ ಹೋದೆ. ಬಾಗಿಲು ಬಗ್ಗಿ ಹೋಗುವಷ್ಟು ಕಿರಿದು. ಒಳಗೆ ಕತ್ತಲು, ಎದುರು ಗೋಡೆಯಲ್ಲಿ ಒಂದೇ ಒಂದು ಸಣ್ಣ ಕಿಟಕಿ. ಅವರು ಒಳಗೋಡೆಗೆ ಅಂಗೈ ಒತ್ತಿ ಹಿಡಿದರು, ಮೇಲೆ ಸವರಿದರು, ಕೆಳಗೆ ಸವರಿದರು. ಅಂಗೈ ನನಗೆ ತೋರಿಸಿದರು. ಒಣಗಿತ್ತು. ಸೀದಾ ಹೊರಗೆ ಹೋಗಿ ಮಳೆಯಲ್ಲೇ ನಿಂತು ಗೋಡೆಯ ಹತ್ತಿರ ಮುಖ ತಂದು ನೋಡಿದರು. 'ಇಲ್ಲಿ ನೋಡಿ ಮಾರಾಯ್ರೆ, ಪ್ರತಿ ಕಲ್ಲನ್ನೂ ಹೊರಗಡೆಗೆ ಒಂಚೂರು ಇಳಿಜಾರಾಗಿ ಕೂರಿಸಿದ್ದಾರೆ. ನೀರು ಒಳಗೆ ಬರೋದಾದ್ರೂ ಹೇಗೆ? ನಮ್ಮ ಮನೆ ಹಂಚಿನ ಲೆಕ್ಕಾನೇ ಇದು' ಅಂದರು. ಬೆರಳಿನಿಂದ ತೋರಿಸಿದರು, ನೀರು ಒಂದು ಕಲ್ಲಿನ ಅಂಚಿನಿಂದ ಕೆಳಗಿನ ಕಲ್ಲಿಗೆ ತೊಟ್ಟಿಕ್ಕುತ್ತಾ ಇಳಿದು ಹೋಗುತ್ತಿತ್ತು. ನಾನು ಎಷ್ಟು ಸಲ ಅಲ್ಲಿಗೆ ಹೋಗಿದ್ದೆ! ಅಷ್ಟು ಹತ್ತಿರದಿಂದ ಅದನ್ನು ನೋಡಿದ್ದು ಅವತ್ತೇ.

ಆಮೇಲೆ ಅವರೇ ವ್ಯಾನಿನ ಬಾಗಿಲು ತೆಗೆದು ಒಬ್ಬೊಬ್ಬರನ್ನೇ ಎಳೆದು ತಂದರು. ಹನ್ನೊಂದು ಜನವೂ ಒಳಗೆ ಒತ್ತಿಕೊಂಡು ನಿಂತೆವು. ಹೊರಗೆ ಮಳೆ ಹೊಡೆಯುತ್ತಿದೆ, ಒಳಗೆ ತಲೆಯ ಮೇಲೆ ಒಂದು ಹನಿ ಇಲ್ಲ. ಬಾಗಿಲ ಮೇಲೆ ಒಳಗಡೆ ಎರಡು ಕಲ್ಲು ಮುಂದಕ್ಕೆ ಚಾಚಿವೆ, ಎರಡಕ್ಕೂ ತೂತು. ಹಿಂದೆ ಬಾಗಿಲನ್ನು ತೂಗುಹಾಕಲು ಇಟ್ಟದ್ದು. ಅದನ್ನು ಕಂಡುಹಿಡಿದವರು ಒಬ್ಬ ಅಜ್ಜಿ, ಅರ್ಧ ಗಂಟೆ ಮೊದಲು ಕಾಲು ನೋವು ಅಂತ ಇಳಿಯಲು ಒಪ್ಪದೆ ಕೂತಿದ್ದವರು. ಮುಕ್ಕಾಲು ಗಂಟೆ ಅಲ್ಲೇ ಇದ್ದೆವು, ಮುಂದೆ ಎಲ್ಲಿಗೆ ಅಂತ ಒಬ್ಬರೂ ಕೇಳಲಿಲ್ಲ.

ಅದಕ್ಕೇ ಹೇಳುವುದು, ಇಳಿಯಿರಿ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಬೇಗ ಹೇಳಿಬಿಡುತ್ತೇನೆ. ಅದೇ ಸುತ್ತುದಾರಿಯ ಡನ್‌ಕ್ವಿನ್ ಅನ್ನುವ ಊರಿನಲ್ಲಿ ಇಳಿಯಿರಿ. ಗ್ರೇಟ್ ಬ್ಲಾಸ್ಕೆಟ್ ದ್ವೀಪದಲ್ಲಿ ಊರೇ ಇತ್ತು, ಬದುಕುವುದು ಕಷ್ಟ ಅಂತ 1953ರಲ್ಲಿ ಉಳಿದವರನ್ನೆಲ್ಲ ಈ ಕಡೆಗೆ ಕರೆತಂದರು. ಅವರ ಕಥೆ ಹೇಳುವ ಕೇಂದ್ರ ಡನ್‌ಕ್ವಿನ್‌ನಲ್ಲಿದೆ. ಬೇಸಿಗೆಯಲ್ಲಿ ಹವಾಮಾನ ಒಪ್ಪಿದರೆ ದ್ವೀಪಕ್ಕೆ ದೋಣಿಯೂ ಸಿಗುತ್ತದೆ. ಡಿಂಗಲ್ ಬಂದರಿನಲ್ಲಿ ಫಂಗಿ ಅನ್ನುವ ಡಾಲ್ಫಿನ್‌ನ ಕಂಚಿನ ಪ್ರತಿಮೆ ಇದೆ, 1983ರಿಂದ 2020ರವರೆಗೆ ಅಲ್ಲೇ ಇದ್ದ ಒಂಟಿ ಡಾಲ್ಫಿನ್ ಅದು, ಮಕ್ಕಳಿಗೆ ತೋರಿಸಿ. ಸಸ್ಯಾಹಾರಿಗಳಿಗೆ ಸೋಡಾ ಬ್ರೆಡ್ಡು, ಬೆಣ್ಣೆ, ಸೂಪು ಸಿಗುತ್ತದೆ, ಸೂಪಿಗೆ ಏನು ಹಾಕಿದ್ದೀರಿ ಅಂತ ಕೇಳಿಯೇ ತಿನ್ನಿ. ಎರಡು ರಾತ್ರಿಯಾದರೂ ಉಳಿಯಿರಿ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಸುಮಾರಿಗೆ, ಊಟ ಆದ ಮೇಲೂ ಬಂದರಿನ ಪಕ್ಕ ಒಂದು ಸುತ್ತು ನಡೆಯಬಹುದು.

ಇನ್ನೊಂದು, ಕೊಡೆ ಒಯ್ಯಬೇಡಿ. ಅಲ್ಲಿಯ ಗಾಳಿಗೆ ಮಗುಚಿಕೊಳ್ಳುತ್ತದೆ. ತಲೆ ಮುಚ್ಚುವ ರೇನ್‌ಕೋಟು, ಜಾರದ ಬೂಟು, ಇಷ್ಟು ಸಾಕು.

ನಮಸ್ಕಾರ.