ಸೊನ್ನೆ ಶತಕದ ಸಚಿನ್

ನಮಸ್ಕಾರ. ನನ್ನ ಕೈಯಲ್ಲಿರೋ ಈ ಕಾರ್ಡ್ ನೋಡಿ. ಹಳೇ ಟ್ರಂಪ್ ಕಾರ್ಡ್, ಅಂದರೆ ಕ್ರಿಕೆಟ್ ಆಟಗಾರರ ಅಂಕಿ ಹೋಲಿಸಿ, ದೊಡ್ಡ ಅಂಕಿ ಇದ್ದವನು ಎದುರಿನವನ ಕಾರ್ಡ್ ಗೆಲ್ಲೋ ಆಟದ್ದು. ಒಂದು ಮೂಲೆ ಹರಿದಿದೆ. ಹಿಂದುಗಡೆ ಯಾರೋ ನೀಲಿ ಪೆನ್ನಲ್ಲಿ ಕೂಡೋ ಲೆಕ್ಕ ಬರೆದಿದ್ದಾರೆ. ಚಿಕ್ಕಪೇಟೆಯ ಭಾನುವಾರದ ಬಜಾರಿನಲ್ಲಿ ಇಡೀ ಕಟ್ಟಿಗೆ 40 ರೂಪಾಯಿ ಕೊಟ್ಟು ತಂದೆ. ಕಾರ್ಡಿನಲ್ಲಿರುವುದು ಸಚಿನ್ ತೆಂಡೂಲ್ಕರ್. ಏಕದಿನ ಶತಕ ಅನ್ನೋ ಸಾಲಿನಲ್ಲಿ ಏನಿದೆ ಗೊತ್ತಾ? ಸೊನ್ನೆ.

ಅಚ್ಚಿನ ತಪ್ಪಲ್ಲ ಇದು. ಸಚಿನ್ ಮೊದಲ ಏಕದಿನ ಶತಕ ಹೊಡೆದದ್ದು 1994ರ ಸೆಪ್ಟೆಂಬರಿನಲ್ಲಿ, ಕೊಲಂಬೊದಲ್ಲಿ, ಆಸ್ಟ್ರೇಲಿಯಾ ಮೇಲೆ. ಅದು ಅವರ 79ನೇ ಪಂದ್ಯ. ಕಾರ್ಡ್ ಅಚ್ಚಾದದ್ದು ಅದಕ್ಕೂ ಮುಂಚೆ. ಮುಂದೆ 49 ಶತಕ ಬರುತ್ತವೆ ಅಂತ ಈ ಕಾರ್ಡಿಗೆ ಗೊತ್ತೇ ಇಲ್ಲ. ನನಗೆ ಇದರಲ್ಲಿ ಇಷ್ಟವಾಗುವುದು ಅದೇ.

ಈ ಕಟ್ಟುಗಳ ಮೇಲೆ ಎಷ್ಟೋ ಸಲ ವರ್ಷ ಇರುವುದಿಲ್ಲ. ಅಂಕಿ ನೋಡಿಯೇ ವರ್ಷ ಹಿಡಿಯಬೇಕು. ನಾವು ಆಡುವಾಗ ಕೈಗೆ ನ್ಯೂಜಿಲೆಂಡ್ ಬೌಲರ್ ರಿಚರ್ಡ್ ಹ್ಯಾಡ್ಲಿ ಬಂದರೆ ಸಾಕು, 'ಟೆಸ್ಟ್ ವಿಕೆಟ್ 431' ಅಂತ ಕೂಗಿ ಎದುರಿನವನ ಕಾರ್ಡ್ ಕಿತ್ತುಕೊಳ್ತಿದ್ದೆವು. ಆ ಸಂಖ್ಯೆಯನ್ನು ಕಪಿಲ್ ದೇವ್ ಸರಿಗಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1994ರ ಜನವರಿಯಲ್ಲಿ. ಮುಂದಿನ ತಿಂಗಳು ಅಹಮದಾಬಾದಿನಲ್ಲಿ ದಾಟಿದರು. ಕಪಿಲ್ ಕಾರ್ಡಿನಲ್ಲಿ 434 ಇದ್ದರೆ ಅದು ಅವರು ಕೊನೆಯ ಟೆಸ್ಟ್ ಆಡಿದ ಮೇಲಿನ ಕಟ್ಟು. ಸಚಿನ್ ಸೊನ್ನೆ, ಕಪಿಲ್ 400ರ ಆಸುಪಾಸು ಇದ್ದರೆ ಅದಕ್ಕಿಂತ ಹಳೆಯದು. ರಾತ್ರಿ ಕೂತು ಹೀಗೆ ಒಂದೊಂದೇ ಹೊಂದಿಸುತ್ತಾ ಹೋದರೆ ಊಟ ಮರೆತುಹೋಗುತ್ತೆ.

ಬಿಗ್ ಫನ್ ಬಬಲ್ ಗಮ್ ಜೊತೆ ಬರುತ್ತಿದ್ದ ಕಾರ್ಡ್ ನೆನಪಿದೆಯಾ? ಅದರಲ್ಲಿ ರನ್ನು, ವಿಕೆಟ್ಟು ಇರುತ್ತಿತ್ತು. ರನ್ನು ಕೂಡಿಸಿ ಅಂಗಡಿಗೆ ಕೊಟ್ಟರೆ ಬಹುಮಾನ. ಅವು ಇವತ್ತು ಸುಲಭಕ್ಕೆ ಸಿಗುವುದಿಲ್ಲ ಅಂದರೆ ಅದೂ ಒಂದು ಕಾರಣ: ಪ್ರೀತಿಯಿಂದ ಕೂಡಿಟ್ಟವರೇ ಕೊನೆಗೆ ವಾಪಸ್ ಕೊಟ್ಟುಬಿಟ್ಟರು.

ಅಮೆರಿಕದ ಬೇಸ್‌ಬಾಲ್ ಕಾರ್ಡಿನವರು ಇಂಥವನ್ನೆಲ್ಲ 'ಆಡ್‌ಬಾಲ್' ಅಂತಾರೆ. ತಿಂಡಿ ಡಬ್ಬದ ಜೊತೆ ಪುಕ್ಕಟೆ ಬಂದವು. 1970ರ ದಶಕದಲ್ಲಿ ಹೋಸ್ಟೆಸ್ ಕಂಪನಿ ಕೇಕಿನ ಡಬ್ಬಕ್ಕೇ ಕಾರ್ಡ್ ಅಚ್ಚು ಹಾಕುತ್ತಿತ್ತು, ಮಕ್ಕಳು ಕತ್ತರಿಯಲ್ಲಿ ಕತ್ತರಿಸಿಕೊಳ್ಳುತ್ತಿದ್ದರು. ಕೆಲಾಗ್ಸ್ ಕಾರ್ಡಿಗೆ ಮೇಲೆ ಪ್ಲಾಸ್ಟಿಕ್ ಪದರ. ಹಳೆಯದಾದಂತೆ ಸುರುಳಿ ಸುತ್ತಿ ಬಿರುಕು ಬಿಡುತ್ತೆ. ಅದೇ ದೇಶದಲ್ಲಿ 2022ರಲ್ಲಿ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಅವರ 1952ರ ಒಂದು ಕಾರ್ಡ್ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಹೋಗಲಿ. ಆ ಕಾರ್ಡನ್ನು ಇನ್ನು ಯಾರೂ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ ಅಲ್ವಾ? ನನಗೆ ಮುಟ್ಟುವ ಕಾರ್ಡ್ ಬೇಕು. ಕತ್ತರಿ ಓರೆಯಾಗಿ ಹೋದದ್ದು, ಎಣ್ಣೆ ಕಲೆ, ಪೆನ್ನಿನ ಲೆಕ್ಕ: ಇವನ್ನು ದೋಷ ಅಂತ ಎಣಿಸುವುದನ್ನು ನಾನು ಒಪ್ಪಲ್ಲ. ಒಂದು ಮಗು ಅದನ್ನು ಇಟ್ಟುಕೊಂಡಿತ್ತು ಅನ್ನೋದಕ್ಕೆ ಅದೇ ಗುರುತು.

ಆನ್‌ಲೈನಿನಲ್ಲಿ ಒಮ್ಮೆ 'ರೇರ್' ಅಂತ ನಂಬಿ 900 ರೂಪಾಯಿ ಕೊಟ್ಟು ತರಿಸಿದೆ. ಬಂದದ್ದು ಹೊಸ ಪ್ರಿಂಟ್. ಆವತ್ತು ತುಂಬ ನೊಂದೆ. ಈಗ 100 ರೂಪಾಯಿ ಮೇಲೆ ಕೊಡುವುದಿಲ್ಲ.

ಒಂದು ಕೇಳಿಕೊಳ್ತೀನಿ. ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದು ಕರಗಿ ಕಾರ್ಡಿಗೇ ಅಂಟಿಕೊಳ್ಳುತ್ತೆ. ಮಂಗಳೂರು ಕಡೆಯವರು ಡಬ್ಬಿಯಲ್ಲಿ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಈ ಕಟ್ಟಿನಲ್ಲಿ ನನಗೆ ಇನ್ನು ಮೂರು ಬಾಕಿ. ಅದರಲ್ಲಿ ಹ್ಯಾಡ್ಲಿ ಒಬ್ಬರು. ನಿಮ್ಮ ಅಟ್ಟದಲ್ಲಿ ಹಳೇ ಕಾಂಪಾಸ್ ಡಬ್ಬಿ ಇದ್ದರೆ ಒಮ್ಮೆ ತೆಗೆದು ನೋಡಿ. ಡಬಲ್ ಇದ್ದರೆ ಹೇಳಿ. ನನ್ನ ಹತ್ತಿರ ಕುಂಬ್ಳೆ ಎರಡಿದೆ, ಬದಲಿಗೆ ಕೊಡ್ತೀನಿ.